ಶ್ರುತಿ ಸೇರಿದೆ, ಸದ್ದು ಮಾತ್ರ ಇಲ್ಲ

ಹಾರ್ಮೋನಿಯಂನ ಎರಡು ಕೀಗಳ ನಡುವೆ ಅಡಗಿರುವ ಸ್ವರಗಳನ್ನು ಕಂಪ್ಯೂಟರಿನಲ್ಲಿ ನುಡಿಸಲು ಹೊರಟವರು ಇವತ್ತಲ್ಲ ನಾಳೆ ಬಂದು ಮುಟ್ಟುವ ಹೆಸರು ಸ್ಕಾಲಾ. ನೆದರ್ಲೆಂಡ್ಸ್‌ನ ಮ್ಯಾನ್ಯುಯೆಲ್ ಓಪ್ ಡೆ ಕೌಲ್ ರೂಪಿಸಿದ ಉಚಿತ ಸಾಫ್ಟ್‌ವೇರ್ ಇದು. ಇದಕ್ಕಾಗಿ ಇಳಿಸಿಕೊಳ್ಳಬಹುದಾದ ಭಂಡಾರದಲ್ಲಿ 5,000ಕ್ಕೂ ಹೆಚ್ಚು ಸ್ವರಶ್ರೇಣಿಗಳಿವೆ. ಪ್ರಾಚೀನ ಗ್ರೀಕರ ಶ್ರೇಣಿಗಳಿಂದ ಹಿಡಿದು ಜಾವಾದ ಗಮೆಲಾನ್ ವಾದ್ಯಗಳನ್ನು ಅಳೆದು ಬರೆದ ಲೆಕ್ಕದವರೆಗೆ, ಭಾರತದ 22 ಶ್ರುತಿಗಳವರೆಗೆ ಎಲ್ಲವೂ ಅಲ್ಲಿ ಸಿಗುತ್ತವೆ.

ಹೊಸಬರು ಒಂದು ಶ್ರೇಣಿಯನ್ನು ತೆರೆಯುತ್ತಾರೆ. ಅನುಪಾತ, ಆವರ್ತನ, ಸೆಂಟ್ ಲೆಕ್ಕ ಎಲ್ಲವೂ ತೆರೆಯ ಮೇಲೆ ಮೂಡುತ್ತವೆ. ಕೀ ಒತ್ತಿದರೆ ನಿಶ್ಶಬ್ದ. ಇನ್ನು ಕೆಲವರಿಗೆ ಸದ್ದು ಬರುತ್ತದೆ, ಆದರೆ ಕೇಳಿಸುವುದು ಅದೇ ಹಳೆಯ ಹನ್ನೆರಡು ಸ್ವರ. ಆಗ ಹುಟ್ಟುವ ನಂಬಿಕೆಗಳು ಹಲವು. ಅವುಗಳಲ್ಲಿ ಹೆಚ್ಚಿನವು ಬಳಕೆದಾರರನ್ನು ಸಲ್ಲದ ಕಡೆ ಹುಡುಕಲು ಹಚ್ಚುತ್ತವೆ.

ತಪ್ಪು ಕಲ್ಪನೆ: ಶ್ರುತಿ ಸೇರಿಸುವ ಸಾಫ್ಟ್‌ವೇರಿನ ಒಳಗೇ ಸದ್ದು ಇರುತ್ತದೆ

ಸ್ಕಾಲಾದಂಥ ಸಾಫ್ಟ್‌ವೇರುಗಳ ಮುಖ್ಯ ಕೆಲಸ ಲೆಕ್ಕ. ಯಾವ ಸ್ವರ ಎಷ್ಟು ಎತ್ತರದಲ್ಲಿರಬೇಕು ಎಂದು ಗುಣಿಸಿ, ಆ ಆದೇಶವನ್ನು ಮಿಡಿ ಎಂಬ ಭಾಷೆಯಲ್ಲಿ ಇನ್ನೊಂದು ವಾದ್ಯಕ್ಕೆ ಕಳಿಸುವುದು. ಆ ವಾದ್ಯ ಮೇಜಿನ ಮೇಲಿರುವ ಕೀಬೋರ್ಡ್ ಆಗಬಹುದು, ಕಂಪ್ಯೂಟರಿನ ಒಳಗೇ ಓಡುವ ಸಿಂಥಸೈಜರ್ ಆಗಬಹುದು. 1983ರಲ್ಲಿ ಬಳಕೆಗೆ ಬಂದ ಮಿಡಿ ಸಂದೇಶದಲ್ಲಿ ಒಂದು ಹನಿಯಷ್ಟೂ ನಾದವಿಲ್ಲ. ಅದು ಹಾಳೆಯ ಮೇಲೆ ಬರೆದ ಸ್ವರಲಿಪಿಯ ಹಾಗೆ. ಹಾಡುವವರು ಎದುರಿಗಿಲ್ಲದಿದ್ದರೆ ಹಾಳೆ ತಾನಾಗಿ ಹಾಡುವುದಿಲ್ಲ.

ಒಂದು ಸಂದೇಶವನ್ನೇ ಹತ್ತಿರದಿಂದ ನೋಡಬಹುದು: 144, 64, 100. ಮೊದಲ ಸಂಖ್ಯೆ ‘ಒಂದನೇ ಚಾನೆಲ್‌ನಲ್ಲಿ ಸ್ವರ ಆರಂಭಿಸು’ ಎನ್ನುತ್ತದೆ. ಎರಡನೆಯದು ಕೀ ಸಂಖ್ಯೆ, ಮೂರನೆಯದು ಒತ್ತಿದ ರಭಸ. ಇಡೀ ಸಂದೇಶದಲ್ಲಿ ಎಲ್ಲೂ ಹರ್ಟ್ಜ್ ಲೆಕ್ಕವಿಲ್ಲ. 64ನೇ ಕೀ ಎಷ್ಟು ಎತ್ತರದಲ್ಲಿ ನುಡಿಯಬೇಕು ಎಂಬುದನ್ನು ನಿರ್ಧರಿಸುವುದು ಕೇಳಿಸಿಕೊಳ್ಳುವ ವಾದ್ಯ. ಅದಕ್ಕೆ ಬೇರೆ ಸೂಚನೆ ಸಿಗದಿದ್ದರೆ ಪಿಯಾನೊದ ಸಮಾನ ಹಂಚಿಕೆಯ ಹನ್ನೆರಡು ಸ್ವರಗಳಲ್ಲೇ ನುಡಿಯುತ್ತದೆ.

ಹೀಗಾಗಿ ಸದ್ದು ಬರದಿದ್ದಾಗ ಮೊದಲು ನೋಡಬೇಕಾದದ್ದು ಸಾಫ್ಟ್‌ವೇರಿನ ಮಿಡಿ ಔಟ್‌ಪುಟ್ ಆಯ್ಕೆ. ವಿಂಡೋಸ್‌ನಲ್ಲಿ ‘ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂಥ್’ ಎಂಬ ಸಿಂಥಸೈಜರ್ ಮೊದಲಿನಿಂದಲೇ ಇರುತ್ತದೆ. ಪಟ್ಟಿಯಲ್ಲಿ ಅದನ್ನು ಆರಿಸಿದರೆ ಕನಿಷ್ಠ ಪಕ್ಷ ಸದ್ದು ಬಂದೇ ಬರಬೇಕು. ಮ್ಯಾಕ್‌ನಲ್ಲಿ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಿಡಿ ಕಳಿಸಲು ಐಎಸಿ ಡ್ರೈವರ್ ಎಂಬ ಒಳದಾರಿ ಇದೆ. ‘ಆಡಿಯೊ ಮಿಡಿ ಸೆಟಪ್’ ಒಳಗೆ ಹೋಗಿ ಅದನ್ನು ಚಾಲೂ ಮಾಡಬೇಕು. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಲೂಪ್‌ಮಿಡಿಯಂಥ ಉಚಿತ ಉಪಕರಣಗಳಿವೆ, ಲಿನಕ್ಸ್‌ನಲ್ಲಿ ಫ್ಲೂಯಿಡ್‌ಸಿಂಥ್ ಅಥವಾ ಟಿಮಿಡಿಟಿ ಹಾಕಿಕೊಳ್ಳುವುದು ರೂಢಿ. ಫ್ಲೂಯಿಡ್‌ಸಿಂಥ್‌ಗೆ ಸೌಂಡ್‌ಫಾಂಟ್ ಎಂಬ ವಾದ್ಯಧ್ವನಿಗಳ ಫೈಲ್ ಕೊಡದಿದ್ದರೆ ಅದೂ ಮೌನವಾಗಿಯೇ ಇರುತ್ತದೆ. ಸ್ಪೀಕರ್, ಸೌಂಡ್ ಕಾರ್ಡ್ ಬದಲಿಸುವ ಯೋಚನೆ ಇಷ್ಟೆಲ್ಲ ಆದ ಮೇಲಿನ ಮಾತು.

ಬ್ರೌಸರಿನಲ್ಲೇ ಓಡುವ ಶ್ರುತಿ ಉಪಕರಣಗಳದು ಬೇರೆ ಕಾರಣ. ಬಳಕೆದಾರರು ಪುಟದ ಮೇಲೆ ಒಮ್ಮೆ ಕ್ಲಿಕ್ ಮಾಡುವವರೆಗೆ ಅಲ್ಲಿಂದ ಸದ್ದು ಹೊರಡದಂತೆ ಕ್ರೋಮ್ 2018ರಿಂದ ತಡೆಯುತ್ತಿದೆ. ಒಂದು ಕ್ಲಿಕ್ ಸಾಕು.

ತಪ್ಪು ಕಲ್ಪನೆ: ಫೈಲ್ ತೆರೆದುಕೊಂಡಿತು ಎಂದರೆ ಅದರಲ್ಲಿ ತಪ್ಪಿಲ್ಲ

ಸ್ಕಾಲಾದ ಸ್ವರಶ್ರೇಣಿ ಫೈಲ್ ಬರೀ ಅಕ್ಷರಗಳದ್ದು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಮೊದಲು ಒಂದು ಸಾಲಿನ ವಿವರಣೆ, ಆಮೇಲೆ ಎಷ್ಟು ಸ್ವರ ಎಂಬ ಸಂಖ್ಯೆ, ಅದರ ಕೆಳಗೆ ಸಾಲಿಗೊಂದರಂತೆ ಸ್ವರಗಳು. ಷಡ್ಜವನ್ನು ಬರೆಯುವುದಿಲ್ಲ, ಅದು ಇದ್ದೇ ಇದೆ ಎಂದು ಲೆಕ್ಕ. ಸ್ವರವನ್ನು ಎರಡು ರೀತಿಯಲ್ಲಿ ಬರೆಯಬಹುದು. ಪಂಚಮವನ್ನು 3/2 ಎಂದು ಅನುಪಾತದಲ್ಲೂ ಬರೆಯಬಹುದು, 701.955 ಎಂದು ಸೆಂಟ್‌ನಲ್ಲೂ ಬರೆಯಬಹುದು. ಸೆಂಟ್ ಎಂದರೆ ಒಂದು ಸ್ಥಾಯಿಯ 1200ನೇ ಒಂದು ಪಾಲು. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರ ತಮ್ಮ ಪ್ರಬಂಧದಲ್ಲಿ ಜಗತ್ತಿನ ನಾನಾ ಸ್ವರಶ್ರೇಣಿಗಳನ್ನು ಹೋಲಿಸಲು ಬಳಸಿದ ಅಳತೆ.

ಸೆಂಟ್ ಯಾವುದು, ಅನುಪಾತ ಯಾವುದು ಎಂದು ಸಾಫ್ಟ್‌ವೇರ್ ಗುರುತಿಸುವುದು ದಶಮಾಂಶ ಚುಕ್ಕಿಯಿಂದ. 700.0 ಎಂದು ಬರೆದರೆ 700 ಸೆಂಟ್. ಚುಕ್ಕಿ ಬಿಟ್ಟು ಬರೀ 700 ಎಂದರೆ 700/1 ಎಂಬ ಅನುಪಾತ, ಅಂದರೆ ಷಡ್ಜದ ಏಳುನೂರು ಪಟ್ಟು ಆವರ್ತನ. ಷಡ್ಜ 240 ಹರ್ಟ್ಜ್ ಇದ್ದರೆ ಆ ‘ಪಂಚಮ’ 1,68,000 ಹರ್ಟ್ಜ್‌ಗೆ ಏರುತ್ತದೆ. ಮನುಷ್ಯರ ಕಿವಿಯ ಮಿತಿ ಸುಮಾರು 20,000 ಹರ್ಟ್ಜ್. ಫೈಲಿನಲ್ಲಿ ದೋಷವಿದೆ ಎಂದು ಸಾಫ್ಟ್‌ವೇರ್ ದೂರುವುದಿಲ್ಲ, ಏಕೆಂದರೆ ಅದರ ನಿಯಮದ ಪ್ರಕಾರ ದೋಷವೇ ಇಲ್ಲ. ಆ ಕೀ ಮಾತ್ರ ಕೈಕೊಡುತ್ತದೆ. ಕೈಯಾರೆ ಶ್ರೇಣಿ ಬರೆದುಕೊಳ್ಳುವವರು ಪ್ರತಿ ಸಾಲಿನ ಚುಕ್ಕಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಇದರ ಜೊತೆಗಾರ ಕೀ-ನಕ್ಷೆಯ ಫೈಲ್. ಯಾವ ಕೀಗೆ ಯಾವ ಸ್ವರ, ಯಾವ ಕೀಯ ಆವರ್ತನ ಎಷ್ಟು ಎಂದು ಹೇಳುವುದು ಇದು. ಇದರಲ್ಲಿ ‘ಎಕ್ಸ್’ ಅಕ್ಷರ ಹಾಕಿದ ಕೀಗೆ ಸ್ವರವೇ ಇಲ್ಲ. ಏಳು ಸ್ವರದ ಶ್ರೇಣಿಯನ್ನು ಬಿಳಿ ಕೀಗಳಿಗೆ ಮಾತ್ರ ಹಂಚಿದ ನಕ್ಷೆಯಲ್ಲಿ ಕಪ್ಪು ಕೀಗಳೆಲ್ಲ ಮೂಕವಾಗಿರುವುದು ಉದ್ದೇಶಪೂರ್ವಕ. ಹೊಸಬರು ಅದನ್ನು ಕೀಬೋರ್ಡಿನ ರೋಗ ಎಂದುಕೊಳ್ಳುತ್ತಾರೆ.

ನಕ್ಷೆಯೇ ಇಲ್ಲದೆ 22 ಶ್ರುತಿಗಳ ಶ್ರೇಣಿಯನ್ನು ನೇರವಾಗಿ ಹಾಕಿದರೆ ಇನ್ನೊಂದು ಗಲಿಬಿಲಿ. ಶ್ರುತಿಗಳು ಒಂದೊಂದು ಕೀಗೆ ಒಂದೊಂದರಂತೆ ಕೂರುತ್ತವೆ. ಷಡ್ಜದಿಂದ ಹನ್ನೆರಡು ಕೀ ಮೇಲೆ ತಾರ ಷಡ್ಜ ಸಿಗುತ್ತದೆ ಎಂದು ಒತ್ತಿದವರಿಗೆ, ಚಾಲ್ತಿಯಲ್ಲಿರುವ ಒಂದು ಪಟ್ಟಿಯ ಪ್ರಕಾರ 729/512 ಅನುಪಾತದ ಪ್ರತಿ ಮಧ್ಯಮ ಕೇಳಿಸುತ್ತದೆ. ತಾರ ಷಡ್ಜ ಇರುವುದು ಇಪ್ಪತ್ತೆರಡು ಕೀ ಆಚೆ. 61 ಕೀಗಳ ಕೀಬೋರ್ಡಿನಲ್ಲಿ ಆಗ ಮೂರು ಸ್ಥಾಯಿ ಕೂಡ ಪೂರ್ತಿ ಸಿಗುವುದಿಲ್ಲ.

ತಪ್ಪು ಕಲ್ಪನೆ: ಮಿಡಿಗೆ ಗೊತ್ತಿರುವುದು ಹನ್ನೆರಡೇ ಸ್ವರ

ಈ ನಂಬಿಕೆಗೆ ಅರ್ಧ ಆಧಾರವಿದೆ. ಮಿಡಿ ರೂಪುಗೊಂಡದ್ದು ಪಿಯಾನೊ ಕೀಬೋರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ನಡುವಿನ ಸ್ವರಗಳಿಗೆ ದಾರಿ ಆರಂಭದಿಂದಲೂ ಇದೆ. ಅತ್ಯಂತ ಹಳೆಯದು ಪಿಚ್ ಬೆಂಡ್, ಅಂದರೆ ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಸಂದೇಶ. ಅದರಲ್ಲಿ 16,384 ಹೆಜ್ಜೆಗಳಿವೆ. ಸಾಮಾನ್ಯ ವ್ಯಾಪ್ತಿಯಾದ ಎರಡು ಅರೆಸ್ವರ ಮೇಲೆ, ಎರಡು ಅರೆಸ್ವರ ಕೆಳಗೆ ಎಂಬ ಲೆಕ್ಕದಲ್ಲಿ ಒಂದು ಹೆಜ್ಜೆ ಸುಮಾರು 0.024 ಸೆಂಟ್. ಎಂಥ ಸೂಕ್ಷ್ಮ ಕಿವಿಗೂ ಇದು ಬೇಕಾದಷ್ಟಾಯಿತು.

ತೊಂದರೆ ಬರುವುದು ಬೇರೆ ಕಡೆ. ಪಿಚ್ ಬೆಂಡ್ ಬಾಗಿಸುವುದು ಒಂದು ಸ್ವರವನ್ನಲ್ಲ, ಇಡೀ ಚಾನೆಲ್ಲನ್ನು. ಷಡ್ಜ ಮತ್ತು ಗಾಂಧಾರ ಒಟ್ಟಿಗೆ ನುಡಿಯುವಾಗ ಗಾಂಧಾರವನ್ನು ಮಾತ್ರ ಇಳಿಸಬೇಕಾದರೆ ಎರಡೂ ಬೇರೆ ಬೇರೆ ಚಾನೆಲ್‌ನಲ್ಲಿರಬೇಕು. ಸ್ಕಾಲಾ ಹಾಗೆಯೇ ಹಂಚುತ್ತದೆ. ಮಿಡಿಯ ಹದಿನಾರು ಚಾನೆಲ್‌ಗಳಲ್ಲಿ ಹತ್ತನೆಯದನ್ನು 1991ರ ಜನರಲ್ ಮಿಡಿ ನಿಯಮ ತಾಳವಾದ್ಯಗಳಿಗೆ ಮೀಸಲಿಟ್ಟಿದೆ. ಸ್ವರ ನುಡಿಯುತ್ತಾ ನುಡಿಯುತ್ತಾ ನಡುವೆ ಒಮ್ಮೆಗೇ ಡ್ರಮ್ಮಿನ ಸದ್ದು ಹೊಡೆದರೆ, ಯಾವುದೋ ಸ್ವರ ಹತ್ತನೇ ಚಾನೆಲ್‌ಗೆ ಹೋಗಿದೆ ಎಂದೇ ಅರ್ಥ. ಸ್ವೀಕರಿಸುವ ಸಿಂಥ್ ಒಂದೇ ಚಾನೆಲ್ ಕೇಳಿಸಿಕೊಳ್ಳುವಂತೆ ಹೊಂದಿಸಿದ್ದರೆ ಕೆಲವು ಸ್ವರಗಳು ಬಂದು ಉಳಿದವು ಕಾಣೆಯಾಗುತ್ತವೆ.

1992ರಲ್ಲಿ ಒಪ್ಪಿಗೆ ಪಡೆದ ಮಿಡಿ ಟ್ಯೂನಿಂಗ್ ಸ್ಟ್ಯಾಂಡರ್ಡ್ 128 ಕೀಗಳಿಗೂ ಪ್ರತ್ಯೇಕ ಶ್ರುತಿ ಕೊಡುವ ಸೌಲಭ್ಯ ತಂದಿತು. ಫ್ಲೂಯಿಡ್‌ಸಿಂಥ್ ಇದನ್ನು ಪಾಲಿಸುತ್ತದೆ. ಪಾಲಿಸದ ಸಿಂಥ್‌ಗಳೇ ಹೆಚ್ಚು, ಮೈಕ್ರೋಸಾಫ್ಟ್‌ನದೂ ಅವುಗಳಲ್ಲಿ ಒಂದು. ಅವು ಸಂದೇಶವನ್ನು ಸುಮ್ಮನೆ ಬದಿಗಿಟ್ಟು ಹನ್ನೆರಡು ಸ್ವರಗಳಲ್ಲೇ ನುಡಿಯುತ್ತವೆ. ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಡುವ 2018ರ ಎಂಪಿಇ ನಿಯಮ, 2020ರಲ್ಲಿ ಬಂದ ಮಿಡಿ 2.0 ಈ ಕೆಲಸವನ್ನು ಇನ್ನಷ್ಟು ಹಸನಾಗಿಸಿವೆ. ಇಂದು ಆರಂಭಿಸುವವರಿಗೆ ಎಲ್ಲಕ್ಕಿಂತ ಸುಲಭದ್ದು ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥಸೈಜರ್. ಅದು ಸ್ಕಾಲಾದ ಫೈಲನ್ನೂ ಕೀ-ನಕ್ಷೆಯನ್ನೂ ತಾನೇ ಓದುತ್ತದೆ, ನಡುವೆ ದೂತರೇ ಬೇಕಿಲ್ಲ.

ತಪ್ಪು ಕಲ್ಪನೆ: ಸದ್ದು ಬಂತು, ಅಲ್ಲಿಗೆ ಶ್ರುತಿಯೂ ಸರಿಯಾಯಿತು

ನಿಶ್ಶಬ್ದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇದೇ. ಸದ್ದಿಲ್ಲದಿದ್ದರೆ ದೋಷವಿದೆ ಎಂದಾದರೂ ಗೊತ್ತಾಗುತ್ತದೆ.

ಅಂತರ ಗಾಂಧಾರವನ್ನೇ ತೆಗೆದುಕೊಳ್ಳೋಣ. ಹಾರ್ಮೋನಿಯಂನಲ್ಲಿ ಅದು 400 ಸೆಂಟ್. 5/4 ಅನುಪಾತದ ಸಹಜ ಗಾಂಧಾರ 386.3 ಸೆಂಟ್, ಅಂದರೆ 13.7 ಸೆಂಟ್ ಕೆಳಗೆ. ಅದನ್ನು ಇಳಿಸಲು ಸಾಫ್ಟ್‌ವೇರ್ ಪಿಚ್ ಬೆಂಡನ್ನು ಮಧ್ಯಬಿಂದುವಾದ 8,192ರಿಂದ 7,631ಕ್ಕೆ ತರುತ್ತದೆ. ಬೆಂಡಿನ ವ್ಯಾಪ್ತಿ ಎರಡು ಅರೆಸ್ವರ ಎಂದು ಎರಡೂ ಕಡೆ ಒಪ್ಪಿದ್ದರೆ ಮಾತ್ರ ಈ ಲೆಕ್ಕ ಸರಿ. ಎಂಪಿಇ ರೂಢಿಯ ಸಿಂಥ್ ವ್ಯಾಪ್ತಿಯನ್ನು 48 ಅರೆಸ್ವರ ಎಂದು ಇಟ್ಟುಕೊಂಡಿದ್ದರೆ ಅದೇ ಸಂಖ್ಯೆ ಗಾಂಧಾರವನ್ನು ಸುಮಾರು 328 ಸೆಂಟ್ ಕೆಳಗೆ ಎಳೆದು, ಶುದ್ಧ ರಿಷಭಕ್ಕಿಂತಲೂ ಕೆಳಕ್ಕೆ ಬೀಳಿಸುತ್ತದೆ. ಇದು ಯಾರ ಕಿವಿಗಾದರೂ ಬಡಿಯುತ್ತದೆ. ತಿರುಗಾಮುರುಗಾ ಆದರೆ ಮೋಸ ಸಂಪೂರ್ಣ: ಸಾಫ್ಟ್‌ವೇರ್ 48 ಎಂದುಕೊಂಡು ಸಿಂಥ್ ಎರಡೇ ಎಂದುಕೊಂಡಿದ್ದರೆ ಗಾಂಧಾರ ಇಳಿಯುವುದು ಸುಮಾರು ಅರ್ಧ ಸೆಂಟ್. ಕೇಳುವವರು ಸಹಜ ಗಾಂಧಾರ ಕೇಳಿದೆವು ಎಂದುಕೊಳ್ಳುತ್ತಾರೆ, ಕೇಳಿದ್ದು ಹಾರ್ಮೋನಿಯಂನದ್ದೇ.

ಪರೀಕ್ಷೆಗೆ ಯಂತ್ರ ಬೇಡ, ಕಿವಿ ಸಾಕು. ಷಡ್ಜವನ್ನು 240 ಹರ್ಟ್ಜ್‌ಗೆ ಇಟ್ಟು, ಗಟ್ಟಿಯಾದ ಆರ್ಗನ್ ಧ್ವನಿಯಲ್ಲಿ ಷಡ್ಜ ಮತ್ತು ಗಾಂಧಾರವನ್ನು ಒಟ್ಟಿಗೆ ಹಿಡಿಯಬೇಕು. ಸಹಜ ಗಾಂಧಾರ 300 ಹರ್ಟ್ಜ್. ಷಡ್ಜದ ಐದನೇ ಉಪಸ್ವರ (ಅದರ ಆವರ್ತನದ ಐದು ಪಟ್ಟು) ಮತ್ತು ಗಾಂಧಾರದ ನಾಲ್ಕನೇ ಉಪಸ್ವರ ಎರಡೂ 1200ರಲ್ಲಿ ಸೇರುತ್ತವೆ, ನಾದ ನಿಶ್ಚಲ. ಹನ್ನೆರಡು ಸಮಪಾಲಿನ ಗಾಂಧಾರವಾದರೆ 302.4 ಹರ್ಟ್ಜ್, ಅದರ ನಾಲ್ಕನೇ ಉಪಸ್ವರ 1209.5. ಸೆಕೆಂಡಿಗೆ ಒಂಬತ್ತು-ಹತ್ತು ಬಾರಿ ನಾದ ಗಡಗಡ ಅಲುಗುತ್ತದೆ. ಪಂಚಮದಲ್ಲಿ ಈ ಪರೀಕ್ಷೆ ಅಷ್ಟು ಸುಲಭವಲ್ಲ, ಏಕೆಂದರೆ ಅಲ್ಲಿನ ವ್ಯತ್ಯಾಸ ಎರಡು ಸೆಂಟ್ ಮಾತ್ರ. ಆದ್ದರಿಂದ ಗಾಂಧಾರದಲ್ಲೇ ಪರೀಕ್ಷಿಸಬೇಕು. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವೂ ಇದೇ ಐದನೇ ಉಪಸ್ವರ. ಅದರ ಮುಂದೆ ಸಾಫ್ಟ್‌ವೇರಿನ ಗಾಂಧಾರವನ್ನು ಹಿಡಿದರೂ ನಿಜ ಬಯಲಾಗುತ್ತದೆ.

ತಪ್ಪು ಕಲ್ಪನೆ: 22 ಶ್ರುತಿ ತುಂಬಿಸಿದರೆ ಕರ್ನಾಟಕ ಸಂಗೀತ ಬರುತ್ತದೆ

ಕೀಬೋರ್ಡಿನ ಸ್ವರಗಳ ಬಗ್ಗೆ ನಮ್ಮಲ್ಲಿ ಅಸಮಾಧಾನ ಹಳೆಯದು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂಗೆ ಹಾಕಿದ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅದರ ಹಿಂದೆ ಸ್ಥಿರ ಸ್ವರಗಳ ದೂರಿನ ಜೊತೆಗೆ ಗಮಕ ನುಡಿಸಲಾಗದು ಎಂಬ ದೂರೂ ಇತ್ತು. ಸೂಕ್ಷ್ಮ ಶ್ರುತಿಯ ಸಾಫ್ಟ್‌ವೇರ್ ಪರಿಹರಿಸುವುದು ಮೊದಲ ದೂರನ್ನು ಮಾತ್ರ. ತೋಡಿಯ ಗಾಂಧಾರ ಯಾವುದೋ ಒಂದು ಅನುಪಾತದಲ್ಲಿ ನಿಂತಿರುವುದಿಲ್ಲ, ಅದು ಆಂದೋಲನದಲ್ಲೇ ಬದುಕುತ್ತದೆ. 22 ಕೀಗಳಲ್ಲಿ ಯಾವುದನ್ನು ಒತ್ತಿದರೂ ಸಿಗುವುದು ನಿಂತ ಸ್ವರ. ಎಂ. ಸುಬ್ರಮಣಿಯನ್ ಅವರು ಕರ್ನಾಟಕ ಸಂಗೀತಕ್ಕೆಂದೇ ಬರೆದ ‘ಗಾಯಕ’ ಸಾಫ್ಟ್‌ವೇರ್ ಸ್ವರಲಿಪಿಯ ಜೊತೆ ಗಮಕದ ಚಲನೆಯನ್ನೂ ಬರೆಯಲು ಅವಕಾಶ ಕೊಟ್ಟದ್ದು ಈ ಕಾರಣಕ್ಕೇ.

ಹಾಗೆಂದು ಸ್ಕಾಲಾದಂಥ ಉಪಕರಣ ನಮಗೆ ಬೇಡ ಎನ್ನುವುದೂ ತಪ್ಪು. 9/8 ಮತ್ತು 10/9 ಎಂಬ ಎರಡು ರಿಷಭಗಳ ನಡುವಿನ 21.5 ಸೆಂಟ್ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿ ಕಿವಿಯಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಾಗೆ ಕೇಳಿ ಮೆಚ್ಚಿದ ಶ್ರೇಣಿಯನ್ನು ಗೆಳೆಯರಿಗೆ ಕಳಿಸುವವರಲ್ಲಿ ಒಂದು ವಿನಂತಿ: ಶ್ರೇಣಿಯ ಫೈಲ್ ಒಂದನ್ನೇ ಕಳಿಸಬೇಡಿ. ಕೀ-ನಕ್ಷೆಯ ಫೈಲ್, ಷಡ್ಜದ ಆವರ್ತನ, ಬಳಸಿದ ಪಿಚ್ ಬೆಂಡ್ ವ್ಯಾಪ್ತಿ ಇವನ್ನೂ ಜೊತೆಗೆ ಬರೆದು ಕಳಿಸಿ.