ಬಿಸಿಲ ನಾಡಿನಲ್ಲಿ ಇಂಧನದ ಡಬ್ಬ: ಅದರ ಆಯ್ಕೆ ಮತ್ತು ಬಳಕೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯ ಬೇಸಾಯದಲ್ಲಿ ಎಂಜಿನುಗಳು ಹೊಕ್ಕು ಬಹುಕಾಲವಾಯಿತು. ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರದಿಂದ ನಾಲೆಯ ನೀರು ಬಂದ ಮೇಲೆ ಸುರಪುರ, ಶಹಾಪುರಗಳ ಎರೆಭೂಮಿಯಲ್ಲಿ ಬತ್ತದ ಗದ್ದೆಗಳು ಹಬ್ಬಿದುವು. ಕೃಷ್ಣಾ, ಭೀಮಾ ತೀರಗಳಲ್ಲಿ ನೀರೆತ್ತುವ ಡೀಸೆಲ್ ಪಂಪು, ಹೊಲ ಉಳುವ ಟ್ರಾಕ್ಟರು, ಹತ್ತಿ ಮತ್ತು ತೊಗರಿಗೆ ಔಷಧ ಸಿಂಪಡಿಸುವ ಪೆಟ್ರೋಲ್ ಯಂತ್ರ ಇವು ಇಲ್ಲಿ ನಿತ್ಯದ ಉಪಕರಣಗಳು. ಯಂತ್ರವಿರುವುದು ಹೊಲದಲ್ಲಿ; ಇಂಧನ ದೊರೆಯುವುದು ಊರಿನ ಬಂಕಿನಲ್ಲಿ. ಇವೆರಡನ್ನೂ ಕೂಡಿಸುವ ಸಾಧನವೆಂದರೆ ಕೈಯಲ್ಲಿ ಒಯ್ಯುವ ಡಬ್ಬ. ನೋಡಲು ಅಲ್ಪವಾದ ಈ ವಸ್ತುವಿನ ಹಿಂದೆ ಭೌತ, ರಸಾಯನ ಶಾಸ್ತ್ರಗಳ ಕೆಲವು ಮುಖ್ಯ ತತ್ತ್ವಗಳಿವೆ. ಅವನ್ನು ಅರಿಯದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಮೊದಲನೆಯದಾಗಿ ತಿಳಿಯಬೇಕಾದುದು, ಉರಿಯುವುದು ದ್ರವವಲ್ಲ, ಅದರ ಆವಿ ಎಂಬುದು. ಯಾವ ಉಷ್ಣತೆಯಲ್ಲಿ ದ್ರವದಿಂದ ಹೊರಟ ಆವಿ ಗಾಳಿಯೊಡನೆ ಬೆರೆತು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳಬಲ್ಲದೋ ಅದನ್ನು ಆ ದ್ರವದ ಜ್ವಲನಬಿಂದುವೆನ್ನುತ್ತಾರೆ. ಪೆಟ್ರೋಲಿನ ಜ್ವಲನಬಿಂದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಂಟಿಗ್ರೇಡ್ ಕೆಳಗಿದೆ. ಆದ್ದರಿಂದ ಅದು ಎಲ್ಲ ಋತುಗಳಲ್ಲಿಯೂ ಅಪಾಯಕಾರಿ. ಡೀಸೆಲಿನ ಬಗೆಗೆ ಮಾತ್ರ ಜನರಲ್ಲಿ ಒಂದು ನಿಶ್ಚಿಂತೆಯುಂಟು. ಆದರೆ ಭಾರತೀಯ ಮಾನಕದ ಪ್ರಕಾರ ವಾಹನಗಳ ಡೀಸೆಲಿನ ಜ್ವಲನಬಿಂದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಗಾಳಿಯೇ 40 ಡಿಗ್ರಿಯನ್ನು ದಾಟುವುದುಂಟು. ಬಿಸಿಲಿನಲ್ಲಿಟ್ಟ ಡಬ್ಬ ಅದಕ್ಕೂ ಹೆಚ್ಚು ಕಾಯುತ್ತದೆ. ಮಾರಾಟಕ್ಕೆ ಬರುವ ಡೀಸೆಲಿನ ಜ್ವಲನಬಿಂದು ಆ ಕನಿಷ್ಠಕ್ಕಿಂತ ಮೇಲಿರುವುದುಂಟಾದರೂ ಅದನ್ನು ನಂಬಿ ನಡೆಯಲಾಗದು. ಚಳಿನಾಡಿನ ಪುಸ್ತಕದಲ್ಲಿ ಡೀಸೆಲ್ ನಿರಪಾಯವೆಂದು ಬರೆದಿದ್ದರೆ, ಆ ಮಾತು ನಮ್ಮ ಬೇಸಗೆಗೆ ಸಲ್ಲದು.

ಎರಡನೆಯದು ಉಷ್ಣದಿಂದಾಗುವ ಹಿಗ್ಗುವಿಕೆ. ಒಂದು ಡಿಗ್ರಿ ಕಾವೇರಿದರೆ ಒಂದು ಲೀಟರ್ ಪೆಟ್ರೋಲು ಸುಮಾರು 0.95 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಬೆಳಗ್ಗೆ 28 ಡಿಗ್ರಿಯಲ್ಲಿ ತುಂಬಿದ 20 ಲೀಟರು ಮಧ್ಯಾಹ್ನದ ಬಿಸಿಲಿಗೆ 58 ಡಿಗ್ರಿಗೇರಿದರೆ 570 ಮಿಲಿಲೀಟರ್, ಎಂದರೆ ಅರ್ಧ ಲೀಟರಿಗೂ ಮಿಕ್ಕಿ, ಹೆಚ್ಚುತ್ತದೆ. ಡಬ್ಬದಲ್ಲಿ ಎಡೆಯಿಲ್ಲದಿದ್ದರೆ ಇಂಧನವು ಮುಚ್ಚಳದ ಸಂದಿನಿಂದ ಹೊರಬರಲೇಬೇಕು. ಇಪ್ಪತ್ತು ಲೀಟರಿನ ಡಬ್ಬಕ್ಕೆ ಹತ್ತೊಂಬತ್ತನ್ನೇ ತುಂಬಬೇಕೆಂಬ ನಿಯಮಕ್ಕೆ ಕಾರಣ ಇದೇ.

ಡಬ್ಬದ ಆಕೃತಿಯ ಮಹತ್ತ್ವವನ್ನು ಎರಡನೆಯ ಮಹಾಯುದ್ಧವು ಲೋಕಕ್ಕೆ ಕಲಿಸಿತು. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷ್ ಸೇನೆ ನಾಲ್ಕು ಗ್ಯಾಲನಿನ ತೆಳುತಗಡಿನ ಡಬ್ಬಗಳಲ್ಲಿ ಪೆಟ್ರೋಲನ್ನು ಸಾಗಿಸುತ್ತಿತ್ತು. ನಮ್ಮ ಹಳೆಯ ಸೀಮೆಎಣ್ಣೆ ಡಬ್ಬದ ಜಾತಿಗೇ ಸೇರಿದ ಇವುಗಳ ಬೆಸುಗೆ ಬಿಟ್ಟು ಬಹಳಷ್ಟು ಇಂಧನ ಸೋರಿಹೋಗುತ್ತಿತ್ತು. ಜರ್ಮನ್ ಸೇನೆಯಾದರೋ 1930ರ ದಶಕದ ಕೊನೆಯಲ್ಲೇ 20 ಲೀಟರಿನ ಗಟ್ಟಿ ಉಕ್ಕಿನ ಡಬ್ಬವನ್ನು ರೂಪಿಸಿಕೊಂಡಿತ್ತು. ಬ್ರಿಟಿಷರು ವಶಪಡಿಸಿಕೊಂಡ ಡಬ್ಬಗಳನ್ನು ಬಳಸಿದರು, ಬಳಿಕ ಅವನ್ನೇ ನಕಲು ಮಾಡಿದರು. ಜರ್ಮನರಿಗೆ ಅವರಿಟ್ಟ ಅಡ್ಡಹೆಸರು ಜೆರಿ. ಜೆರಿಕ್ಯಾನೆಂಬ ಮಾತು ಹುಟ್ಟಿದ್ದು ಹೀಗೆ. ಅದರ ಎರಡು ಅರ್ಧಗಳನ್ನು ಒಂದೇ ಬೆಸುಗೆ ಕೂಡಿಸುತ್ತದೆ. ಪಕ್ಕಗಳ ತಗ್ಗುಗೆರೆಗಳು ಬಲವನ್ನು ಕೊಡುವುದಲ್ಲದೆ ಹಿಗ್ಗುವಿಕೆಗೂ ಅವಕಾಶಮಾಡಿಕೊಡುತ್ತವೆ. ಮೂರು ಹಿಡಿಗಳಿರುವುದರಿಂದ ಒಬ್ಬನೂ ಒಯ್ಯಬಹುದು, ಇಬ್ಬರೂ ಹಿಡಿಯಬಹುದು. ಮುಚ್ಚಳವು ಬಿರಡೆಯಂತೆ ತಿರುಗಿಸುವುದಲ್ಲ, ಸನ್ನೆಯಿಂದ ಬಿಗಿಯುವುದು.

ಆಯ್ಕೆಯ ವಿಷಯದಲ್ಲಿ ಕಾನೂನೂ ದಾರಿ ತೋರುತ್ತದೆ. 1934ರ ಪೆಟ್ರೋಲಿಯಂ ಕಾಯಿದೆಯಂತೆ, ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಭದ್ರವಾಗಿ ಮುಚ್ಚಿದ ಗಾಜಿನ, ಪಿಂಗಾಣಿಯ ಅಥವಾ ಲೋಹದ ಪಾತ್ರೆಯಲ್ಲಿರಬೇಕು. ಲೋಹದ ಪಾತ್ರೆ 25 ಲೀಟರನ್ನೂ, ಉಳಿದವು 1 ಲೀಟರನ್ನೂ ಮೀರಬಾರದು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ. ನೀರಿನ ಬಾಟಲಿ, ಅಡುಗೆ ಎಣ್ಣೆಯ ಕ್ಯಾನು, ಕೀಟನಾಶಕದ ಖಾಲಿ ಡಬ್ಬ ಇವು ಯಾವುವೂ ತಕ್ಕವಲ್ಲ. ನೀರಿನ ಬಾಟಲಿಯಂತೂ ಮಕ್ಕಳು ಬಾಯಿಗಿಟ್ಟಾರೆಂಬ ಕಾರಣಕ್ಕೇ ವರ್ಜ್ಯ.

ಇನ್ನು ಬಳಕೆಯ ಮಾತು. ತುಂಬಿಸುವಾಗ ಡಬ್ಬವನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಬೇಕು. ಹರಿಯುವ ಇಂಧನದಲ್ಲಿ ಸ್ಥಾಯೀವಿದ್ಯುತ್ತು ಹುಟ್ಟುತ್ತದೆ. ಇಲ್ಲಿನ ಬೇಸಗೆಯ ಒಣಗಾಳಿಯಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಲೋಹದ ಡಬ್ಬ ನೆಲವನ್ನು ಮುಟ್ಟಿದ್ದು, ಪಂಪಿನ ನಳಿಗೆ ಡಬ್ಬದ ಬಾಯಿಗೆ ತಾಗಿದ್ದರೆ ಆ ವಿದ್ಯುತ್ತು ಕಿಡಿಯಾಗದೆ ಇಳಿದುಹೋಗುತ್ತದೆ. ಟಾರ್ಪಾಲಿನ ಮೇಲೆ ಅಥವಾ ಪ್ಲಾಸ್ಟಿಕ್ ಹಾಸಿನ ಮೇಲೆ ಇಟ್ಟು ತುಂಬಿದರೆ ಅದಕ್ಕೆ ದಾರಿಯಿಲ್ಲ. ಹೊಲದಲ್ಲಿ ಡಬ್ಬಕ್ಕೆ ಮರದ ನೆರಳು ಬೇಕು. ಕಾದ ಡಬ್ಬದೊಳಗೆ ಆವಿಯ ಒತ್ತಡವಿರುವುದರಿಂದ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ಮೆಲ್ಲನೆ ಸಡಿಲಿಸಬೇಕು. ಎಂಜಿನನ್ನು ನಿಲ್ಲಿಸಿ, ಅದು ಆರಿದ ಮೇಲೆಯೇ ಇಂಧನ ಹಾಕಬೇಕು. ಬೆನ್ನಿನ ಮೇಲಿನ ಸಿಂಪಡಣೆ ಯಂತ್ರವನ್ನು ಕೆಳಗಿಳಿಸದೆ ಎಂದಿಗೂ ಹಾಕಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಬೀಡಿಯ ಬೆಂಕಿಯನ್ನು ಸೇರಬಲ್ಲದು. ಪೆಟ್ರೋಲಿದ್ದ ಡಬ್ಬಕ್ಕೆ ಡೀಸೆಲನ್ನು ತುಂಬಿದರೆ ಉಳಿದ ಪೆಟ್ರೋಲು ಡೀಸೆಲಿನ ಜ್ವಲನಬಿಂದುವನ್ನು ಇಳಿಸುತ್ತದೆ; ಆದುದರಿಂದ ಒಂದೊಂದಕ್ಕೆ ಒಂದೊಂದು ಡಬ್ಬವಿರಲಿ, ಮೇಲೆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿರಲಿ.

ಕೊಳವೆಯನ್ನು ಬಾಯಿಂದ ಹೀರಿ ಇಂಧನ ತೆಗೆಯುವ ರೂಢಿಯನ್ನು ಖಂಡಿತವಾಗಿ ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕಿಳಿದರೂ ತೀವ್ರವಾದ ಉರಿಯೂತ ಉಂಟಾಗಬಹುದು. ನುಂಗಿದವನಿಗೆ ವಾಂತಿ ಮಾಡಿಸಿದರೆ ಇಂಧನ ಮತ್ತೆ ಶ್ವಾಸನಾಳವನ್ನು ಹೊಗುವ ಭಯವಿರುವುದರಿಂದ, ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಜ್ವಲನಬಿಂದು, ಪ್ರಸರಣಾಂಕ, ಸ್ಥಾಯೀವಿದ್ಯುತ್ತು ಇವು ಕಾಲೇಜಿನ ಪಾಠಗಳಲ್ಲಿ ಬರುವ ಮಾತುಗಳೇ. ಈ ಮೂರು ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳ ಮನೆಗಳಲ್ಲಿ ಇಂಧನದ ಡಬ್ಬ ಹಲವೆಡೆ ಇರುತ್ತದೆ. ಅಧ್ಯಾಪಕರು ಆ ಪಾಠವನ್ನು ಈ ಡಬ್ಬದಿಂದಲೇ ಆರಂಭಿಸಿದರೆ, 35 ಎಂಬ ಅಂಕಿ ಪರೀಕ್ಷೆಯ ಉತ್ತರವಾಗಿ ಮಾತ್ರ ಉಳಿಯದೆ ಹೊಲದಲ್ಲಿ ದುಡಿಯುವವರ ರಕ್ಷಣೆಗೂ ಒದಗುವುದು.