ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳು: ನಿರ್ವಹಣೆ, ದುರಸ್ತಿ ಹಾಗೂ ಸುರಕ್ಷಿತ ವಿಲೇವಾರಿ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)



1975-76ರ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿ.ವಿ.ಗಳು ಬಂದವು. ನಮ್ಮ ರಾಜ್ಯದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಮುಂದಿನ ದಶಕಗಳಲ್ಲಿ ಪಿಕ್ಚರ್ ಟ್ಯೂಬ್ ಟಿ.ವಿ. ಮನೆಮನೆಯ ವಸ್ತುವಾಯಿತು. ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಇಂದಿಗೂ ಅವು ಉಪಯೋಗಕ್ಕೆ ಬರುತ್ತವೆ. ಇವುಗಳ ವಿಷಯದಲ್ಲಿ ಒಂದು ಸರಳ ನಿಯಮವನ್ನು ಗ್ರಾಮಸ್ಥರಿಗೆ ತಿಳಿಸುವುದು ಅವಶ್ಯ: ಹಿಂಬದಿಯ ಮುಚ್ಚಳದ ಹೊರಗಿನ ಕೆಲಸ ಮನೆಯವರದು; ಒಳಗಿನ ಕೆಲಸ ಅನುಭವಿ ಮೆಕ್ಯಾನಿಕ್‌ನದು.

ಮನೆಯವರು ಮಾಡಬಹುದಾದುದು

1. ಟಿ.ವಿ.ಯನ್ನು ಗೋಡೆಗೆ ಒತ್ತಿ ಇಡದೆ, ಗಾಳಿಯಾಡಲು ಸುಮಾರು ನಾಲ್ಕು ಅಂಗುಲ ಜಾಗ ಬಿಡಬೇಕು. ಗಾಳಿಕಿಂಡಿಗಳ ಮೇಲೆ ಬಟ್ಟೆ ಹೊದಿಸಬಾರದು. ಮೇಲೆ ದೀಪ, ಹೂದಾನಿ, ನೀರಿನ ಪಾತ್ರೆ ಇಡಬಾರದು.

2. ಪ್ಲಗ್ ಕಿತ್ತ ನಂತರವೇ ಒಣಬಟ್ಟೆಯಿಂದ ಧೂಳು ಒರೆಸಬೇಕು. ಪರದೆಯ ಮೇಲೆ ನೇರವಾಗಿ ನೀರು ಸಿಂಪಡಿಸಬಾರದು.

3. ಗುಡುಗು-ಮಿಂಚಿನ ಸೂಚನೆ ಕಂಡೊಡನೆ ಪ್ಲಗ್ ಹಾಗೂ ಡಿಶ್ ಕೇಬಲ್ ಎರಡನ್ನೂ ಕಳಚಬೇಕು. ಸಿಡಿಲು ಸಮೀಪಿಸಿದ ಮೇಲೆ ಅವುಗಳನ್ನು ಮುಟ್ಟಬಾರದು.

4. ಧ್ವನಿಯಿದ್ದು ಚಿತ್ರವಿಲ್ಲದಿದ್ದರೆ ಮೊದಲು ಹಳದಿ ಬಣ್ಣದ ವಿಡಿಯೋ ಕೇಬಲ್ ಸರಿಯಾಗಿ ಕುಳಿತಿದೆಯೇ, ಟಿ.ವಿ. ಎ.ವಿ. ಆಯ್ಕೆಯಲ್ಲಿದೆಯೇ ಎಂದು ಪರೀಕ್ಷಿಸಬೇಕು.

5. ಪರದೆಯ ಮೂಲೆಯಲ್ಲಿ ಬಣ್ಣದ ಕಲೆ ಮೂಡಿದ್ದರೆ ಸಮೀಪದ ಸ್ಪೀಕರ್ ಅಥವಾ ಆಯಸ್ಕಾಂತವನ್ನು ದೂರವಿಡಬೇಕು. ಬಳಿಕ ಮುಖ್ಯ ಸ್ವಿಚ್ ಆರಿಸಿ ಅರ್ಧ ಗಂಟೆಯ ನಂತರ ಹಾಕಿದರೆ, ಒಳಗಿನ ಸುರುಳಿಯೇ ಕಾಂತೀಯತೆಯನ್ನು ನಿವಾರಿಸಿ ಕಲೆಯನ್ನು ಸಾಮಾನ್ಯವಾಗಿ ಹೋಗಲಾಡಿಸುತ್ತದೆ. ರಿಮೋಟ್‌ನಿಂದ ಆರಿಸಿದರೆ ಸಾಲದು.

ಮೆಕ್ಯಾನಿಕ್‌ಗೆ ಒಪ್ಪಿಸಬೇಕಾದುದು

ಬಣ್ಣದ ಟಿ.ವಿ.ಯ ಪಿಕ್ಚರ್ ಟ್ಯೂಬಿಗೆ 20,000ದಿಂದ 30,000 ವೋಲ್ಟ್‌ವರೆಗಿನ ವಿದ್ಯುತ್ ಒತ್ತಡ ದೊರೆಯುತ್ತದೆ. ಟ್ಯೂಬಿನ ಗಾಜಿನ ಒಳಮೈ ಮತ್ತು ಹೊರಮೈಗಳ ವಾಹಕ ಲೇಪಗಳು ಈ ವಿದ್ಯುತ್ತನ್ನು ಶೇಖರಿಸಿಡುವುದರಿಂದ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತದೆ. ಮುಚ್ಚಳ ತೆಗೆದು ಕೈಯಿಟ್ಟವರಿಗೆ ಪ್ರಾಣಾಪಾಯವಾಗಬಹುದು. ಟ್ಯೂಬಿನೊಳಗೆ ಗಾಳಿಯಿಲ್ಲದ ಕಾರಣ, ಪೆಟ್ಟು ಬಿದ್ದರೆ ಅದು ಒಳಕ್ಕೆ ಕುಸಿದು ಗಾಜಿನ ಚೂರುಗಳು ಸಿಡಿಯುತ್ತವೆ.

ಸುಟ್ಟ ವಾಸನೆ, ಚಟಚಟ ಸದ್ದು, ಅಥವಾ ಪರದೆಯ ನಡುವೆ ಒಂದೇ ಅಡ್ಡ ಬೆಳಕಿನ ಗೆರೆ ಕಂಡರೆ ಕೂಡಲೇ ಟಿ.ವಿ. ಆರಿಸಬೇಕು. ಅಡ್ಡ ಗೆರೆಗೆ ಅನೇಕ ವೇಳೆ ಬೆಸುಗೆ ಬಿಟ್ಟಿರುವುದು ಅಥವಾ ಸಣ್ಣದೊಂದು ಬಿಡಿಭಾಗ ಕೆಟ್ಟಿರುವುದು ಕಾರಣ. ಆದುದರಿಂದ ಇಡೀ ಟಿ.ವಿ.ಯನ್ನು ಎಸೆಯುವ ಮುನ್ನ ಮೆಕ್ಯಾನಿಕ್‌ಗೆ ತೋರಿಸುವುದು ಲೇಸು.

ಪಂಚಾಯಿತಿಯ ಹೊಣೆ

ದುರಸ್ತಿಯಾಗದ ಟಿ.ವಿ. ಸಾಮಾನ್ಯ ಕಸವಲ್ಲ. ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ತಾಮ್ರದ ಆಸೆಗೆ ಟ್ಯೂಬನ್ನು ಒಡೆದು, ತಂತಿ ಸುಟ್ಟು, ಗಾಜನ್ನು ಹಳ್ಳದ ದಂಡೆಗೆ ಸುರಿದರೆ ಮಣ್ಣೂ ನೀರೂ ಕೆಡುತ್ತವೆ. ಆ ಚೂರುಗಳ ನಡುವೆ ಆಡುವವರು ನಮ್ಮ ಊರಿನ ಮಕ್ಕಳೇ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಅನ್ವಯ ಇಂತಹ ತ್ಯಾಜ್ಯದ ಮರುಬಳಕೆ ನಡೆಸುವವರು ನೋಂದಣಿ ಹೊಂದಿರಬೇಕು. ಆದ್ದರಿಂದ ಸದಸ್ಯರು:

• ತಮ್ಮ ವಾರ್ಡಿನ ಶಾಲೆ, ಅಂಗನವಾಡಿ, ಸಮುದಾಯ ಭವನಗಳಲ್ಲಿ ಮೂಲೆ ಸೇರಿರುವ ಟಿ.ವಿ.ಗಳನ್ನು ಗುರುತಿಸುವುದು;

• ಅವುಗಳನ್ನು ಒಡೆಯದೆ, ಮಳೆ ತಾಗದ ಸ್ಥಳದಲ್ಲಿ ಇತರ ಕಸದಿಂದ ಪ್ರತ್ಯೇಕವಾಗಿ ಇರಿಸಿ, ನೋಂದಾಯಿತ ಸಂಸ್ಥೆಗೆ ಒಪ್ಪಿಸುವಂತೆ ಪಂಚಾಯಿತಿ ಸಭೆಯಲ್ಲಿ ವಿಷಯ ಮಂಡಿಸುವುದು;

• ಗುಜರಿ ವ್ಯಾಪಾರಿಗಳಿಗೂ ಗ್ರಾಮಸ್ಥರಿಗೂ ಗ್ರಾಮ ಸಭೆಯಲ್ಲಿ ಮೇಲ್ಕಂಡ ಅಪಾಯಗಳನ್ನು ತಿಳಿಸುವುದು.

ಈ ಮಾಹಿತಿಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿಯೂ ಗ್ರಂಥಾಲಯದಲ್ಲಿಯೂ ಪ್ರದರ್ಶಿಸಲು ಕೋರಲಾಗಿದೆ.