ಕಿಡ್ನಿ ಕಾಯಿಲೆಗೆ ಹೃದಯದ ಎಕೋ ಯಾಕೆ?

ವಿಸರ್ಜನೆಯ ಪಾಠ ನಡೆಯುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ನಮ್ಮ ಅಜ್ಜನಿಗೆ ಇರುವುದು ಕಿಡ್ನಿ ಕಾಯಿಲೆ. ಡಾಕ್ಟರು ಹೃದಯದ ಎಕೋ ಮಾಡಿಸಿ ಅಂದಿದ್ದಾರೆ. ಅದ್ಯಾಕೆ?" ಒಳ್ಳೆಯ ಪ್ರಶ್ನೆ. ಪುಸ್ತಕದಲ್ಲಿ ರಕ್ತ ಪರಿಚಲನೆ ಒಂದು ಪಾಠ, ವಿಸರ್ಜನೆ ಇನ್ನೊಂದು ಪಾಠ. ದೇಹ ಹಾಗೆ ಪಾಲು ಮಾಡಿಕೊಂಡಿಲ್ಲ.

ಮೊದಲು ಸ್ವಲ್ಪ ಲೆಕ್ಕ. ಸುಮ್ಮನೆ ಕೂತಿರುವಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ 1 ಲೀಟರ್ ಹೋಗುವುದು ಕಿಡ್ನಿಗಳಿಗೆ. ಎರಡೂ ಸೇರಿ ತೂಕ 300 ಗ್ರಾಂ ಅಷ್ಟೇ, ಆದರೂ ಐದರಲ್ಲಿ ಒಂದು ಪಾಲು ಅವಕ್ಕೆ! ಪ್ರತಿ ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು. ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ, ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನು ವಾಪಸು ರಕ್ತಕ್ಕೆ ಕೊಡುತ್ತವೆ. ಈ ಸೋಸುವಿಕೆಗೆ ಬೇಕಾದ ಒತ್ತಡ ಬರುವುದು ಹೃದಯದಿಂದಲೇ.

ಪಂಪು ಸೋತರೆ? ರಕ್ತ ಕಡಿಮೆ ಬರುತ್ತದೆ, ಸೋಸುವಿಕೆ ತಗ್ಗುತ್ತದೆ. ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ತೊಂದರೆ ಹಿಂದಿನಿಂದಲೂ ಬರುತ್ತದೆ, ಇದನ್ನು ನಾವು ಮರೆತೇಬಿಡುತ್ತೇವೆ. ಅಡಿಕೆ ತೋಟ ನೋಡಿದವರಿಗೆ ಗೊತ್ತು, ನೀರು ಬಸಿದು ಹೋಗುವ ಕಣಿ ಕಟ್ಟಿಕೊಂಡರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಹಾಗೆಯೇ ಹೃದಯದ ಬಲಭಾಗ ದುರ್ಬಲವಾದರೆ ವಾಪಸು ಬರುವ ರಕ್ತ ಅಭಿಧಮನಿಗಳಲ್ಲಿ ತುಂಬಿ ನಿಲ್ಲುತ್ತದೆ. ಕಿಡ್ನಿಯ ಹೊರಗೆ ಗಟ್ಟಿ ಹೊದಿಕೆ ಇರುವುದರಿಂದ ಅದಕ್ಕೆ ಉಬ್ಬಲು ಜಾಗ ಇಲ್ಲ. ಒಳಗೆ ಒತ್ತಡ ಏರಿ ಸೋಸುವ ಕೆಲಸ ಇನ್ನೂ ಕುಂಠಿತವಾಗುತ್ತದೆ.

ಈಗ ಸ್ವಾರಸ್ಯ ಇರುವುದು ಇಲ್ಲಿ. ರಕ್ತ ಯಾಕೆ ಕಡಿಮೆಯಾಯಿತು ಅಂತ ಕಿಡ್ನಿಗೆ ತಿಳಿಯದು. ದೇಹದಲ್ಲಿ ನೀರೇ ಕಡಿಮೆಯಾಗಿದೆ ಎಂಬಂತೆ ಅದು ರೆನಿನ್ ಬಿಡುಗಡೆ ಮಾಡುತ್ತದೆ. (1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೀಗರ್‌ಸ್ಟೆಡ್ ಮತ್ತು ಬರಿಮನ್ ಮೊಲದ ಕಿಡ್ನಿಯಿಂದ ಕಂಡುಹಿಡಿದದ್ದು ಇದನ್ನೇ.) ಅದರಿಂದ ರಕ್ತನಾಳಗಳು ಬಿಗಿಯುತ್ತವೆ, ಉಪ್ಪು ಮತ್ತು ನೀರು ಒಳಗೇ ಉಳಿಯುತ್ತವೆ. ವಾಂತಿಭೇದಿ ಆದಾಗ ಜೀವ ಉಳಿಸುವ ಏರ್ಪಾಡು ಇದು. ಸೋತ ಹೃದಯಕ್ಕೆ ಮಾತ್ರ ಹೊರೆಯ ಮೇಲೆ ಹೊರೆ.

ಕಿಡ್ನಿ ಮೊದಲು ಕೆಟ್ಟರೂ ಹೃದಯಕ್ಕೆ ಪೆಟ್ಟು ತಪ್ಪದು. ಬಿಪಿ ಏರಿ, ಅದರ ವಿರುದ್ಧ ದುಡಿದೂ ದುಡಿದೂ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಕೆಂಪು ರಕ್ತಕಣ ತಯಾರಿಸಲು ಬೇಕಾದ ಎರಿಥ್ರೋಪೊಯಟಿನ್ ಕಿಡ್ನಿಯಲ್ಲೇ ಆಗುವುದು. ಅದು ಕಡಿಮೆಯಾದರೆ ರಕ್ತಹೀನತೆ, ಹೃದಯಕ್ಕೆ ಮತ್ತೆ ಓಟ. 1836ರಲ್ಲೇ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಕಿಡ್ನಿ ಕಾಯಿಲೆಯಿಂದ ಸತ್ತ ಹಲವರ ಹೃದಯ ದಪ್ಪಗಾಗಿದ್ದನ್ನು ಬರೆದಿಟ್ಟರು. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನ ಬಂದದ್ದು 1896ರಲ್ಲಿ! ಬರೀ ಕಣ್ಣಿನಿಂದ ನೋಡಿ ಕಂಡುಕೊಂಡರಲ್ಲ, ನನಗಂತೂ ಇದು ದೊಡ್ಡ ಆಶ್ಚರ್ಯ.

ಅಜ್ಜನ ಎಕೋಗೆ ಕಾರಣ ಇದೇ. ಎಕೋ ಅಂದರೆ ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಿಂದ ಹೃದಯದ ಚಿತ್ರ ಪಡೆಯುವುದು. ನೋವಿಲ್ಲ, ಸೂಜಿ ಇಲ್ಲ. ಗೋಡೆ ದಪ್ಪವಾಗಿದೆಯೇ, ಪಂಪು ಸರಿಯಾಗಿದೆಯೇ ಎಂದು ತಿಳಿಯುತ್ತದೆ. ಇಂಥ ದೋಷ ಇರುವವರಲ್ಲಿ ಕಿಡ್ನಿ ಬೇಗ ಹದಗೆಡುವ ಸಂಭವ ಹೆಚ್ಚು. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವ ಬಹಳ ಜನ ಡಯಾಲಿಸಿಸ್ ಹಂತಕ್ಕೆ ಬರುವ ಮೊದಲೇ ಹೃದಯದ ತೊಂದರೆಯಿಂದ ತೀರಿಕೊಳ್ಳುತ್ತಾರೆ.

ಮನೆಯಲ್ಲಿ ಶುಗರ್, ಬಿಪಿ ಇರುವವರಿದ್ದರೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಕಾಲು ಊದುವುದು, ಮಲಗಿದಾಗ ಉಸಿರು ಕಟ್ಟುವುದು ಕಂಡರೆ ತಡಮಾಡಬೇಡಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಕಿಡ್ನಿ, ಹೃದಯ ಎರಡಕ್ಕೂ ಕೆಟ್ಟದ್ದಾಗಬಹುದು. ಅಜ್ಜ ಅಜ್ಜಿಯರಿಗೆ ಇದನ್ನು ನೀವೇ ಹೇಳಬೇಕು. ಒಂದು ಸಂತೋಷದ ಸುದ್ದಿಯೂ ಇದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಲೆಂದು ಮಧುಮೇಹಕ್ಕೆ ತಂದ ಡಾಪಾಗ್ಲಿಫ್ಲೋಜಿನ್ ಎಂಬ ಔಷಧಿ, ಕಿಡ್ನಿ ಕೆಡುವುದನ್ನೂ ನಿಧಾನಿಸುತ್ತದೆ, ಸೋತ ಹೃದಯಕ್ಕೂ ನೆರವಾಗುತ್ತದೆ. ಈಗ ಡಾಕ್ಟರು ಅದನ್ನು ಮಧುಮೇಹ ಇಲ್ಲದ ರೋಗಿಗಳಿಗೂ ಬರೆದುಕೊಡುತ್ತಾರೆ.